ಎಂಬತ್ತರ ದಶಕ ಯಾರದು? ನಾಕೂರಿನ ಒಂದು ಜಗಳ

ಹೊಲದ ಬದುವಿನ ಜಗಳಕ್ಕೆ ಕೋರ್ಟಿದೆ, ದಾಯಾದಿ ಜಗಳಕ್ಕೆ ಊರ ಹಿರಿಯರಿದ್ದಾರೆ. ಹಾಡಿನ ಜಗಳಕ್ಕೆ ಯಾರಿದ್ದಾರೆ ಹೇಳಿ ನೋಡೋಣ! ನಮ್ಮ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯಲ್ಲಿ ಒಂದು ಜಗಳ ಮೂವತ್ತೈದು ವರ್ಷದಿಂದ ನಡೆದೇ ಇದೆ. ಎಂಬತ್ತರ ದಶಕದ ಚಿತ್ರಸಂಗೀತ ಅಂದ ಕೂಡಲೇ ಯಾರ ಹೆಸರು ಮೊದಲು ಬರಬೇಕು? ರಾಜನ್-ನಾಗೇಂದ್ರರದೋ, ಅಣ್ಣಾವ್ರದೋ, ಹಂಸಲೇಖರದೋ, ಅಥವಾ ಮುಂಬಯಿಯ ಪಂಚಮದಾ ಆರ್.ಡಿ. ಬರ್ಮನ್ನರದೋ?

ಜಗಳದ ಪಾರ್ಟಿಗಳನ್ನು ಮೊದಲು ಪರಿಚಯ ಮಾಡಿಕೊಡುತ್ತೇನೆ. ಹೆಸರು ಬೇಡ, ಊರು ಸಾಕು. ಒಬ್ಬರು ಜಮಖಂಡಿಯ ಮಾಸ್ತರು. ನಿವೃತ್ತಿಯಾಗಿ ವರ್ಷಗಳಾದವು, ಆದರೂ ಮಾತಾಡುವಾಗ ಕೈಯಲ್ಲಿ ಛಡಿ ಇದ್ದ ಹಾಗೇ ಬೆರಳು ಆಡಿಸುತ್ತಾರೆ. ಇನ್ನೊಬ್ಬ ಮುಧೋಳದ ದೋಸ್ತ. ಕಬ್ಬಿನ ಟ್ರ್ಯಾಕ್ಟರ್ ಇಟ್ಟವನು, ಅಣ್ಣಾವ್ರ ಭಕ್ತ. ಮೂರನೆಯವರು ಬೀಳಗಿಯ ಕಾಕಾ. ಒಂದು ಕಾಲದ ಟೇಲರು. ಎಂಬತ್ತೈದು ದಾಟಿದೆ, ಕಣ್ಣು ಚುರುಕು, ನಾಲಿಗೆ ಅದಕ್ಕಿಂತ ಚುರುಕು. ನಾಲ್ಕನೆಯವನು ನಾನು, ಬನಹಟ್ಟಿಯ ನೇಕಾರರ ಮನೆ ಹುಡುಗ. ಹುಡುಗ ಅಂದರೆ ಈಗ ತಲೆ ಬೆಳ್ಳಗಾದ ಹುಡುಗ! ಮದುವೆ-ಮುಂಜಿಗೋ, ಜಮಖಂಡಿ ಬಸ್‌ಸ್ಟ್ಯಾಂಡಿನ ಎದುರು ಚಾ ಕುಡಿಯುವಾಗಲೋ ನಾವು ಕೂಡಿದೆವೆಂದರೆ ಮಾತು ಈ ವಿಷಯಕ್ಕೆ ಬಂದೇ ಬರುತ್ತದೆ.

ಹೋದ ಕಬ್ಬಿನ ಹಂಗಾಮಿನಲ್ಲಿ ಹೀಗೇ ಕೂತಿದ್ದೆವು. ಎದುರಿಗೆ ಎರಡು ಟ್ರೇಲಿ ಕಬ್ಬು ಎಳೆದುಕೊಂಡು ಒಂದು ಟ್ರ್ಯಾಕ್ಟರ್ ಬಂತು. ಅದರ ಮೇಲೆ ಬೀರುವಿನಷ್ಟು ದೊಡ್ಡ ಸೌಂಡ್ ಬಾಕ್ಸು, ಅದರಲ್ಲಿ ಈಗಿನ ಡಿಜೆ ಜಾನಪದ. ಅಂಗಡಿಯ ಗಾಜಿನ ಗ್ಲಾಸುಗಳೆಲ್ಲ ಗಡಗಡ ಅಂದವು. ಮಾಸ್ತರು ಕಿವಿ ಮುಚ್ಚಿಕೊಂಡು, “ನಮ್ಮ ಕಾಲದಾಗ ಹಾಡು ಹಾಡಿನಂಗ ಇದ್ದುವು” ಅಂದರು. ಪಕ್ಕದ ಟೇಬಲ್ಲಿನ ಕಾಲೇಜು ಹುಡುಗನೊಬ್ಬ ತಿರುಗಿ, “ನಿಮ್ಮ ಕಾಲ ಅಂದ್ರ ಯಾರ ಕಾಲರೀ ಸರ?” ಅಂತ ಕೇಳಿಬಿಟ್ಟ. ಸಾಕಲ್ಲ, ಬೆಂಕಿಗೆ ಎಣ್ಣೆ ಬಿತ್ತು.

ಮಾಸ್ತರ ಪಕ್ಷ ಹಿಂದಿ. ಅದಕ್ಕೆ ಕಾರಣವೂ ಇದೆ. ಜಮಖಂಡಿ 1948ರವರೆಗೆ ಪಟವರ್ಧನರ ಸಂಸ್ಥಾನ, ಆಮೇಲೆ 1956ರವರೆಗೆ ಮುಂಬಯಿ ರಾಜ್ಯದ ಭಾಗ. ಮರಾಠಿ ನಾಟ್ಯಗೀತೆ, ಹಿಂದಿ ಸಿನಿಮಾ ಹಾಡು ಇಲ್ಲಿ ಪರಊರಿನ ಸರಕಲ್ಲ, ಮನೆಯ ಅಡಿಗೆ. ಬುಧವಾರ ರಾತ್ರಿ ಎಂಟಕ್ಕೆ ರೇಡಿಯೋ ಸಿಲೋನಿನಲ್ಲಿ ಅಮೀನ್ ಸಯಾನಿಯ ದನಿ ಕೇಳದೆ ಮಾಸ್ತರು ಊಟಕ್ಕೆ ಕೂತವರಲ್ಲ. 1952ರಲ್ಲಿ ಶುರುವಾದ ಆ ಬಿನಾಕಾ ಗೀತಮಾಲಾದ ಪಟ್ಟಿಯನ್ನು ಅವರು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು. “1983ರ ಮಾಸೂಮ್ ಕೇಳು, 1987ರ ಇಜಾಜತ್ ಕೇಳು. ಆಮ್ಯಾಲೆ ನನ್ನ ಕೂಡ ಮಾತಾಡು” ಅನ್ನುತ್ತಾರೆ.

ಮಾಸೂಮ್ ಒಳ್ಳೆಯದೇ, ಇಜಾಜತ್ ಅದಕ್ಕಿಂತ ಒಳ್ಳೆಯದು. ಒಪ್ಪಿಕೊಳ್ಳೋಣ. ಆದರೆ ಅದೇ ಎಂಬತ್ತರಲ್ಲಿ ಹಿಂದಿಯಲ್ಲಿ ಪಂಚಮದಾರನ್ನು ಪಕ್ಕಕ್ಕೆ ಸರಿಸಿ ಬಪ್ಪಿ ಲಾಹಿರಿಯ ಡಿಸ್ಕೋ ಕುಣಿಯಿತು. 1982ರ ಡಿಸ್ಕೋ ಡ್ಯಾನ್ಸರ್ ನೆನಪಿಲ್ಲವೇ? ಅದೂ ಅಲ್ಲದೆ, 1981ರಲ್ಲಿ ಏಕ್ ದೂಜೆ ಕೆ ಲಿಯೆ ಚಿತ್ರಕ್ಕೆ ಹಾಡಿ ಹಿಂದಿಯವರ ಬಾಯಿಯಲ್ಲಿ ಬೆರಳಿಡಿಸಿ ರಾಷ್ಟ್ರಪ್ರಶಸ್ತಿ ತಂದವರು ಯಾರು? ನಮ್ಮ ಎಸ್.ಪಿ. ಬಾಲಸುಬ್ರಹ್ಮಣ್ಯಂ! ಹುಟ್ಟಿದ್ದು ತೆಲುಗು ಮನೆಯಲ್ಲಿ ಆದರೂ 1967ರ ನಕ್ಕರೆ ಅದೇ ಸ್ವರ್ಗದಲ್ಲಿ ಎಂ. ರಂಗರಾಯರು ಹಾಡಿಸಿದಂದಿನಿಂದ ನಮ್ಮವರೇ. ಮಾಸ್ತರು ಇದಕ್ಕೆ ಉತ್ತರ ಕೊಡುವುದಿಲ್ಲ, ಇನ್ನೊಂದು ಚಾ ಹೇಳುತ್ತಾರೆ.

ಮುಧೋಳದ ದೋಸ್ತನ ವಾದ ಸರಳ, ಗಟ್ಟಿ. “ಸಂಗೀತ ಯಾರರೇ ಮಾಡಿರಲಿ, ದನಿ ಯಾರದು ಅದನ್ನ ನೋಡು” ಅನ್ನುತ್ತಾನೆ. 1974ರ ತನಕ ತೆರೆಯ ಮೇಲಿನ ರಾಜಕುಮಾರ್‌ಗೆ ದನಿ ಕೊಟ್ಟವರು ಪಿ.ಬಿ. ಶ್ರೀನಿವಾಸ್. ಆ ವರ್ಷ ಸಂಪತ್ತಿಗೆ ಸವಾಲ್ ಬಂತು, ಜಿ.ಕೆ. ವೆಂಕಟೇಶ್ ಅಣ್ಣಾವ್ರಿಂದಲೇ ಎಮ್ಮೆಯ ಹಾಡು ಹಾಡಿಸಿದರು. ನಾಟಕ ಕಂಪನಿಯಲ್ಲಿ ಪಳಗಿದ ಗಂಟಲು. ಆಮೇಲೆ ಕೇಳಬೇಕೆ! ಎಂಬತ್ತರ ಮೊದಲ ಐದು ವರ್ಷ ತಗೊಳ್ಳಿ. 1982ರಲ್ಲಿ ಜಿ.ಕೆ. ವೆಂಕಟೇಶರ ಹಾಲು ಜೇನು, ರಂಗರಾಯರ ಹೊಸ ಬೆಳಕು. 1983ರಲ್ಲಿ ಉಪೇಂದ್ರಕುಮಾರರ ಕಾಮನಬಿಲ್ಲು, ಮತ್ತೆ ರಂಗರಾಯರ ಕವಿರತ್ನ ಕಾಳಿದಾಸ. 1984ರಲ್ಲಿ ಶ್ರಾವಣ ಬಂತು. ಬೇರೆ ಬೇರೆ ಸಂಗೀತ ನಿರ್ದೇಶಕರು, ಗಂಟಲು ಒಂದೇ. ನಡುವೆ 1982ರ ಗೋಕಾಕ್ ಚಳವಳಿ ಬೇರೆ. ಸಿನಿಮಾದ ದನಿ ಊರೂರ ಮೈದಾನಕ್ಕೆ ಇಳಿದು ಬಂದಾಗ ನಮ್ಮ ಕಡೆ ಮಂದಿ ರೊಟ್ಟಿ ಬುತ್ತಿ ಕಟ್ಟಿಕೊಂಡು ಹೋಗಿದ್ದರು. ದೋಸ್ತ ಆಗ ಹೈಸ್ಕೂಲು ಹುಡುಗ, ಅಪ್ಪನ ಹೆಗಲ ಮೇಲೆ ಕೂರುವ ವಯಸ್ಸಲ್ಲದಿದ್ದರೂ ಕೂತು ನೋಡಿದನಂತೆ. ಅಂಥವನ ಹತ್ತಿರ ಅಣ್ಣಾವ್ರ ವಿರುದ್ಧ ವಾದ ಮಾಡುವುದು ಹುಲಿಯ ಬಾಯಿಗೆ ಕೈ ಹಾಕಿದಂತೆ.

ಆದರೂ ನಾನು ಹಾಕುತ್ತೇನೆ. ನನ್ನ ಪಕ್ಷ ರಾಜನ್-ನಾಗೇಂದ್ರ. ಅದು ನನ್ನದಲ್ಲ, ನಮ್ಮಣ್ಣನದು. ಅವನಿಂದ ನನಗೆ ಬಂದದ್ದು.

ಬನಹಟ್ಟಿ ಅಂದರೆ ಮಗ್ಗ. ಬೆಳಿಗ್ಗೆ ಎದ್ದರೆ ಖಟಕ್ ಖಟಕ್, ರಾತ್ರಿ ಮಲಗಿದರೆ ಖಟಕ್ ಖಟಕ್. ನಮ್ಮಣ್ಣ ಹದಿನಾಲ್ಕನೇ ವಯಸ್ಸಿಗೆ ಪಾವರ್‌ಲೂಮ್ ಶೆಡ್ಡಿಗೆ ಸೇರಿದ. ಆ ಶೆಡ್ಡಿನ ಬಾಗಿಲ ಹತ್ತಿರ ಮಾಲೀಕರ ರೇಡಿಯೋ, ಸೆಲ್ಲಿನ ಮೇಲೆ ನಡೆಯುವಂಥದು. ಧಾರವಾಡ ಕೇಂದ್ರ ಹಾಕಿರುತ್ತಿದ್ದರು. ಇಪ್ಪತ್ತು ಮಗ್ಗದ ಸಪ್ಪಳದಲ್ಲಿ ಹಾಡು ಎಲ್ಲಿ ಕೇಳಬೇಕು? ಹಾಡು ಕೇಳುತ್ತಿದ್ದುದು ಕರೆಂಟ್ ಹೋದಾಗ! ನೀವು ನಗಬೇಡಿ. ಕರೆಂಟ್ ಹೋಗುತ್ತಿತ್ತು, ಮಗ್ಗಗಳು ಒಂದೊಂದೇ ಉಸಿರು ಬಿಟ್ಟು ನಿಲ್ಲುತ್ತಿದ್ದವು, ಲಾಳಿ ಅರ್ಧ ದಾರಿಯಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಆ ಮೌನದೊಳಗೆ ಎಸ್‌ಪಿಬಿ-ಜಾನಕಿ ದನಿ ಮಳೆ ಹನಿಯ ಹಾಗೆ ಬೀಳುತ್ತಿತ್ತು. ಶೆಡ್ಡಿಗೆ ಬುತ್ತಿ ಒಯ್ದುಕೊಡುವುದು ನನ್ನ ಕೆಲಸ. ಕರೆಂಟ್ ಹೋಗಲಿ ದೇವರೇ ಅಂತ ಬೇಡಿಕೊಂಡು ಹೋಗುತ್ತಿದ್ದೆ. ಕರೆಂಟ್ ಹೋದರೆ ಅಣ್ಣನ ಪಗಾರ ಕಡಿಮೆ ಆಗುತ್ತದೆ ಅನ್ನುವುದು ಆ ವಯಸ್ಸಿಗೆ ಎಲ್ಲಿ ಹೊಳೆಯಬೇಕು!

ಮೈಸೂರಿನ ಆ ಇಬ್ಬರು ಅಣ್ಣತಮ್ಮಂದಿರ ಬಗ್ಗೆ ಅಣ್ಣ ನನಗೆ ಹೇಳಿಕೊಟ್ಟಿದ್ದು ಶೆಡ್ಡಿನ ಕಟ್ಟೆಯ ಮೇಲೆ. ರಾಜನ್ ಪಿಟೀಲು, ನಾಗೇಂದ್ರ ಜಲತರಂಗ. ಐವತ್ತರ ದಶಕದ ಆರಂಭದಿಂದ ಸಂಗೀತ ಕೊಡುತ್ತ ಬಂದವರು. ಆದರೆ ಅವರ ಬೆಳೆ ತೆನೆಗೂಡಿದ್ದು 1973ರ ಗಂಧದ ಗುಡಿ, 1974ರ ಎರಡು ಕನಸಿನಿಂದ ಈಚೆಗೆ. 1976ರಲ್ಲಿ ಬಯಲುದಾರಿ ಮತ್ತು ನಾ ನಿನ್ನ ಮರೆಯಲಾರೆ, ಒಂದೇ ವರ್ಷ ಎರಡು. 1978ರಲ್ಲಿ ಹೊಂಬಿಸಿಲು. 1981ರಲ್ಲಿ ಅವಳ ಹೆಜ್ಜೆ, ಗಾಳಿಮಾತು. 1982ರಲ್ಲಿ ಚಲಿಸುವ ಮೋಡಗಳು. 1983ರಲ್ಲಿ ಬೆಂಕಿಯ ಬಲೆ. ಈ ಪಟ್ಟಿಯನ್ನು ಅಣ್ಣ ಸರಳೆ ವರಸೆಯ ಹಾಗೆ ಒಪ್ಪಿಸುತ್ತಿದ್ದ. ಚಿ. ಉದಯಶಂಕರ್ ಬರೆದದ್ದು ಯಾವುದು, ಬೇರೆಯವರು ಬರೆದದ್ದು ಯಾವುದು ಎಂದು ಬೇರೆ ಪರೀಕ್ಷೆ!

ಅವರ ಹಾಡಿನ ಗುಟ್ಟೇನು? ರಾಗದ ಬುಡ ಬಿಡುವುದಿಲ್ಲ, ಆದರೆ ಪಾಂಡಿತ್ಯ ತೋರಿಸುವುದೂ ಇಲ್ಲ. ಪಲ್ಲವಿ ಮುಗಿಯುವುದರೊಳಗೆ ಕೇಳುವವನ ಬಾಯಿಗೆ ಟ್ಯೂನು ಸಿಕ್ಕಿರುತ್ತದೆ. ನಡುವೆ ಬರುವ ಪಿಟೀಲಿನ ಗುಂಪು, ಕೊಳಲು, ಒಂದಿಷ್ಟು ಗಿಟಾರು, ಯಾವುದೂ ದನಿಯ ಮೇಲೆ ಏರಿ ಕೂರುವುದಿಲ್ಲ. ಕರೆಂಟ್ ಹೋದ ಹತ್ತು ನಿಮಿಷದಲ್ಲಿ ಒಂದೇ ಸಲ ಕೇಳಿದ ಹಾಡನ್ನು ಕರೆಂಟ್ ಬಂದ ಮೇಲೆ ಮಗ್ಗದ ಸಪ್ಪಳದ ಒಳಗೆ ಗುನುಗಬೇಕೆಂದರೆ ಅಂಥ ಹಾಡೇ ಬೇಕು. ನನಗೆ ತಿಳಿದ ಮಟ್ಟಿಗೆ ನಮ್ಮ ನೇಕಾರರು ಆ ಹಾಡುಗಳನ್ನು ಕೇಳಿದ್ದಕ್ಕಿಂತ ಗುನುಗಿದ್ದೇ ಹೆಚ್ಚು.

ಇಲ್ಲಿ ಒಂದು ತಕರಾರು ನಾನೇ ಎತ್ತುತ್ತೇನೆ. ಆ ಹಾಡುಗಳನ್ನು ಹಾಡಿದವರು ಎಸ್‌ಪಿಬಿ, ಜಾನಕಿ, ವಾಣಿ ಜಯರಾಂ. ದಶಕವನ್ನು ಅವರಿಗೇ ಯಾಕೆ ಕೊಡಬಾರದು? 1981ರ ಫೆಬ್ರವರಿ 8ರಂದು ಎಸ್‌ಪಿಬಿ ಬೆಂಗಳೂರಿನಲ್ಲಿ ಉಪೇಂದ್ರಕುಮಾರರಿಗಾಗಿ ಹನ್ನೆರಡು ತಾಸಿನಲ್ಲಿ 21 ಹಾಡು ಹಾಡಿದರು ಎನ್ನುವ ಸಂಗತಿ ಎಲ್ಲ ಅಭಿಮಾನಿಗಳಿಗೂ ಬಾಯಿಪಾಠ. ಆದರೆ ನೇಕಾರನ ಲೆಕ್ಕವೇ ಬೇರೆ. ಸೀರೆಯಲ್ಲಿ ಹಾಸು ಅಂತಿದೆ, ಹೊಕ್ಕು ಅಂತಿದೆ. ಹಾಸಿನ ಎಳೆ ಈ ತುದಿಯಿಂದ ಆ ತುದಿಯವರೆಗೆ ಉದ್ದಕ್ಕೆ ಹೋಗುತ್ತದೆ. ಹೊಕ್ಕಿನ ಎಳೆ ಅಡ್ಡ ಬಂದು ಬಣ್ಣ ಬದಲಿಸುತ್ತದೆ. ಎಸ್‌ಪಿಬಿ, ಜಾನಕಿ ಹಾಸು. ಅರವತ್ತರಲ್ಲೂ ಇದ್ದರು, ತೊಂಬತ್ತರಲ್ಲೂ ಇದ್ದರು. ಸೀರೆ ಎಲ್ಲಿ ಬಣ್ಣ ಬದಲಿಸಿತು ಅಂತ ಕೇಳಿದರೆ ಹಾಸು ತೋರಿಸುವ ನೇಕಾರನಿಲ್ಲ.

ಇಳಯರಾಜರನ್ನು ಮರೆತೆಯಾ ಅಂತ ಕೇಳುವವರಿದ್ದಾರೆ. ಮರೆತಿಲ್ಲ ಸ್ವಾಮಿ. ಜಿ.ಕೆ. ವೆಂಕಟೇಶರ ಸಹಾಯಕರಾಗಿದ್ದವರು, 1981ರ ಗೀತಾ ಮತ್ತು 1983ರ ಪಲ್ಲವಿ ಅನುಪಲ್ಲವಿ ಅವರ ಕೈಚಳಕ. ಬಂಗಾರ. ಆದರೆ ಹಬ್ಬಕ್ಕೆ ಬಂದ ಬೀಗರು ಮನೆ ಯಜಮಾನರಾಗುವುದಿಲ್ಲ.

ಇನ್ನು 1987. ಆ ವರ್ಷ ಪ್ರೇಮಲೋಕ ಬಂತು. ಬನಹಟ್ಟಿಯಲ್ಲಿ ಆಗ ಹೋಟೆಲಿಗೊಂದು ಟೇಪ್ ರೆಕಾರ್ಡರು. ರಬಕವಿಯ ಮದುವೆಮನೆಯಲ್ಲಿ ಶುರುವಾದ ಹಾಡು ಬನಹಟ್ಟಿಯ ಚಾ ಅಂಗಡಿಯಲ್ಲಿ ಮುಗಿಯುತ್ತಿತ್ತು. ನಡುವೆ ನಡೆದು ಹೋಗುವವನಿಗೆ ಒಂದು ಸಾಲೂ ತಪ್ಪುತ್ತಿರಲಿಲ್ಲ. ಹಂಸಲೇಖ ಸಾಹಿತ್ಯವನ್ನೂ ತಾವೇ ಬರೆದರು, ಸಂಗೀತವನ್ನೂ ತಾವೇ ಕೊಟ್ಟರು. ಹುಡುಗ ಹುಡುಗಿ ಕಾಲೇಜಿನ ಗೇಟಿನಲ್ಲಿ ಮಾತಾಡುವ ಮಾತೇ ಹಾಡಾಗಿಬಿಟ್ಟಿತ್ತು. ತಾಳಕ್ಕೆ ಹೊಸ ಯಂತ್ರದ ಪೆಟ್ಟು, ಕೀಬೋರ್ಡು. ರವಿಚಂದ್ರನ್ ಬೈಕಿನ ಮೇಲೆ, ಜೂಹಿ ಚಾವ್ಲಾ ಪರದೆಯ ತುಂಬ. ಲಹರಿ ಸಂಸ್ಥೆಯ ಆ ಕ್ಯಾಸೆಟ್ ನಮ್ಮ ಮನೆಗೂ ಬಂತು. ತಂದವನು ನಾನು. ರೀಲು ಸಿಕ್ಕಿಕೊಂಡಾಗ ಪೆನ್ಸಿಲ್ ಹಾಕಿ ತಿರುವಿ ತಿರುವಿ ಕೇಳಿದೆವು. ಅದುವರೆಗೆ ರೇಡಿಯೋದವರು ಹಾಕಿದ್ದನ್ನು ಕೇಳಬೇಕಿತ್ತು. ಕ್ಯಾಸೆಟ್ ಬಂದ ಮೇಲೆ ನಮಗೆ ಬೇಕಾದ್ದನ್ನು ಬೇಕಾದಷ್ಟು ಸಲ ಕೇಳಬಹುದಿತ್ತು. ಮರುವರ್ಷವೇ ರಣಧೀರ. ನಮ್ಮ ಓಣಿಯಲ್ಲಿ ಬಯಲುದಾರಿ ಹಾಡು ಹಾಕಿದರೆ, “ಅಯ್ಯ, ಹಳೇ ಹಾಡ ತಗೀಪಾ” ಅನ್ನುವ ಮಾತು ಮೊದಲ ಸಲ ಕೇಳಿದ್ದು ಆಗ. ಆ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆ ವರ್ಷಗಳಲ್ಲೇ ನಮ್ಮಣ್ಣನ ಕಿವಿ ಹೋಗತೊಡಗಿತು. ಮಗ್ಗದ ಸಪ್ಪಳದಲ್ಲಿ ದಿನಕ್ಕೆ ಹನ್ನೆರಡು ತಾಸು ನಿಂತರೆ ಇನ್ನೇನಾಗುತ್ತದೆ? ನಮ್ಮ ಸೀಮೆಯ ನೇಕಾರರು ಜೋರಾಗಿ ಮಾತಾಡುತ್ತಾರೆ ಅಂತ ಹೊರಗಿನವರು ಜೋಕ್ ಮಾಡುತ್ತಾರೆ. ಜೋಕಿನ ಹಿಂದಿನ ಕಥೆ ಇದು. ಮೊದಲು ಸಣ್ಣ ದನಿ ಹೋಯಿತು. ಕೊಳಲು ಹೋಯಿತು, ಜಾನಕಿಯವರ ಮೇಲಿನ ಸ್ವರ ಹೋಯಿತು. ಆಮೇಲೆ ಪಿಟೀಲು. ಕಡೆಗೆ ಉಳಿದದ್ದು ಧಬ್ ಧಬ್ ಅನ್ನುವ ಪೆಟ್ಟು ಮಾತ್ರ. ಪ್ರೇಮಲೋಕವನ್ನು ಅವನು ಕೇಳಿದ್ದು ಹಾಗೆ, ಬರೀ ಪೆಟ್ಟು. ತೊಂಬತ್ತೈದರ ಹೊತ್ತಿಗೆ ಅದೂ ಹೋಯಿತು. ಈಗ ನಾವು ಅಂಗೈ ಮೇಲೆ ಬರೆದು ತೋರಿಸುತ್ತೇವೆ.

ಟ್ರ್ಯಾಕ್ಟರ್ ಹೋದ ಆ ದಿನ ನಾನು ಅಣ್ಣನ ಹೆಸರು ಎತ್ತಿದೆ. “ನಮ್ಮಣ್ಣನ ವೋಟು ರಾಜನ್-ನಾಗೇಂದ್ರರಿಗೆ, ನನ್ನದೂ ಅಲ್ಲೇ” ಅಂದೆ. ವಾದದ ಬಿಸಿಯಲ್ಲಿದ್ದ ಮುಧೋಳದ ದೋಸ್ತ, “ನಿಮ್ಮಣ್ಣಗ ಕಿವೀನ ಕೇಳಸಂಗಿಲ್ಲ. ಆಮ್ಯಾಲೆ ಬಂದಿದ್ದು ಅಂವ ಏನೂ ಕೇಳಿಲ್ಲ. ಅವನ ವೋಟು ಹೆಂಗ ಹಿಡಿಯೂದೋ?” ಅಂದುಬಿಟ್ಟ.

ಯಾರೂ ಮಾತಾಡಲಿಲ್ಲ. ದೋಸ್ತನೂ ಗ್ಲಾಸಿನ ಒಳಗೆ ನೋಡುತ್ತ ಕೂತ. ಆಗ ಬೀಳಗಿ ಕಾಕಾ ಬಾಯಿ ತೆರೆದರು. ಅಲ್ಲಿಯವರೆಗೆ ಅವರು ಒಂದು ಮಾತೂ ಆಡಿರಲಿಲ್ಲ.

“ತಮ್ಮಾ, ನೀವು ಎಂಬತ್ತು ಎಂಬತ್ತು ಅಂತ ಬಡದಾಡಾಕತ್ತೀರಿ. ನಲವತ್ತರ ದಶಕ ಯಾರದು ಹೇಳು ನೋಡೂಣು?”

ಮಾಸ್ತರು ಕೂಡಲೇ, “ಸೈಗಲ್” ಅಂದರು.

“ಗಂಡಸರದು ಬಿಡ್ರಿ. ಹೆಣ್ಣದನಿ?”

“ನೂರ್‌ಜಹಾನ್. ಇಲ್ಲಂದ್ರ ಸುರೈಯಾ.”

“ನಮ್ಮ ಬೀಳಗಿ ಹುಡುಗಿ!” ಕಾಕಾ ಟೇಬಲ್ಲಿಗೆ ಗುದ್ದಿದರು. “ಅಮೀರಬಾಯಿ!”

ಕಾಲೇಜು ಹುಡುಗರು ಮುಖ ಮುಖ ನೋಡಿಕೊಂಡರು. ಅಮೀರಬಾಯಿ ಕರ್ನಾಟಕಿ ಅನ್ನುವ ಹೆಸರನ್ನು ಅವರು ಕೇಳಿಯೇ ಇರಲಿಲ್ಲ. ನಿಮ್ಮಲ್ಲೂ ಎಷ್ಟು ಜನ ಕೇಳಿದ್ದೀರೋ! ಹಾಗಾಗಿ ಕಾಕಾ ಹೇಳಿದ್ದನ್ನೂ, ಆಮೇಲೆ ನಾನು ಓದಿ ತಿಳಿದದ್ದನ್ನೂ ಕೂಡಿಸಿ ಇಲ್ಲಿ ಬರೆಯುತ್ತೇನೆ.

ಬೀಳಗಿಯಲ್ಲಿ ನಾಟಕದ ಮನೆತನದಲ್ಲಿ ಹುಟ್ಟಿದ ಅಕ್ಕತಂಗಿಯರು ಗೋಹರಬಾಯಿ ಮತ್ತು ಅಮೀರಬಾಯಿ. ಗೋಹರಬಾಯಿ ಮರಾಠಿ ರಂಗಭೂಮಿಯ ಬಾಲಗಂಧರ್ವರ ಬಾಳಸಂಗಾತಿಯಾದರು. (ಗೋಹರಬಾಯಿಯ ಹೆಸರು ಮಾಸ್ತರಿಗೆ ಚೆನ್ನಾಗಿ ಗೊತ್ತಿತ್ತು, ಆದರೆ ಆಕೆ ತಮ್ಮ ಊರಿನಿಂದ ಬಸ್ಸಿಗೆ ಹೋಗಿಬರುವಷ್ಟು ಹತ್ತಿರದ ಬೀಳಗಿಯವರು ಅನ್ನುವುದು ಗೊತ್ತಿರಲಿಲ್ಲ! ಇದಕ್ಕೆ ನಾನು ನಕ್ಕಿದ್ದು ಅವರಿಗೆ ಇನ್ನೂ ಸಿಟ್ಟಿದೆ.) ಅಮೀರಬಾಯಿ ಮುಂಬಯಿಗೆ ಹೋಗಿ ನಟಿಸಿದರು, ಹಾಡಿದರು. 1940ರ ನರಸಿ ಭಗತ್‌ನಲ್ಲಿದ್ದರು. 1943ರಲ್ಲಿ ಕಿಸ್ಮತ್ ಬಂತು. ಅಶೋಕ್ ಕುಮಾರ್ ಹೀರೋ, ಮುಮ್ತಾಜ್ ಶಾಂತಿ ಹೀರೋಯಿನ್, ಅನಿಲ್ ಬಿಸ್ವಾಸ್ ಸಂಗೀತ. ಹೀರೋಯಿನ್ನಿನ ಬಹುಪಾಲು ಹಾಡಿಗೆ ದನಿ ಅಮೀರಬಾಯಿಯದು. ಆ ಚಿತ್ರ ಕಲ್ಕತ್ತೆಯ ರಾಕ್ಸಿ ಥಿಯೇಟರಿನಲ್ಲಿ ಮೂರು ವರ್ಷಕ್ಕೂ ಮೀರಿ ಓಡಿತು.

ಅದರಲ್ಲಿ ಪ್ರದೀಪ್ ಬರೆದ ಒಂದು ದೇಶಭಕ್ತಿಯ ಹಾಡಿದೆ. ಪರಕೀಯರೇ ದೂರ ಸರಿಯಿರಿ ಎನ್ನುವ ಭಾವದ ಹಾಡು. ಚಲೇಜಾವ್ ಚಳವಳಿಯ ಮರುವರ್ಷ ಅದು. ಬ್ರಿಟಿಷ್ ಸೆನ್ಸಾರ್ ಬಿಡುತ್ತದೆಯೇ? ಹಾಡಿನಲ್ಲಿ ಜರ್ಮನಿ, ಜಪಾನುಗಳ ಹೆಸರಿದ್ದುದರಿಂದ ಅದು ಶತ್ರುದೇಶದ ವಿರುದ್ಧದ ಹಾಡು ಅಂತ ಪಾಸಾಯಿತು. ಜನಕ್ಕೆ ಮಾತ್ರ ಅದು ಯಾರ ವಿರುದ್ಧ ಅಂತ ಗೊತ್ತಿತ್ತು. ಆ ಹಾಡಿನ ಎರಡು ಮುಖ್ಯ ದನಿಗಳಲ್ಲಿ ಒಂದು ಖಾನ್ ಮಸ್ತಾನಾ, ಇನ್ನೊಂದು ನಮ್ಮ ಬೀಳಗಿಯದು! ಮರುವರ್ಷ ನೌಷಾದರ ರತನ್‌ನಲ್ಲೂ ಹಾಡಿದರು. 1948ರಲ್ಲಿ ಶಹನಾಜ್ ಚಿತ್ರಕ್ಕೆ ಸಂಗೀತ ನಿರ್ದೇಶನವನ್ನೇ ಮಾಡಿದರು, ಆ ಕಾಲದಲ್ಲಿ ಒಬ್ಬ ಹೆಣ್ಣುಮಗಳು! ಬಿಜಾಪುರದಲ್ಲಿ ಅವರ ಹೆಸರಿನದೇ ಟಾಕೀಸು, ಅಮೀರ್ ಟಾಕೀಸ್. ಕಾಕಾ ಅಲ್ಲಿ ಸಿನಿಮಾ ನೋಡಿದವರು. ಹೆಚ್ಚಿನ ಸಂಗತಿ ಬೇಕಾದವರು ರಹಮತ್ ತರೀಕೆರೆಯವರು ಅಮೀರಬಾಯಿಯ ಬಗ್ಗೆ ಬರೆದ ಪುಸ್ತಕ ಹುಡುಕಿ ಓದಿ.

“ಮುಂದ ಏನಾತು ಕಾಕಾ?” ಅಂದ ಒಬ್ಬ ಹುಡುಗ.

“ಮುಂದ 1949. ಮಹಲ್ ಬಂತು. ಖೇಮಚಂದ ಪ್ರಕಾಶ ಸಂಗೀತ. ಲತಾಬಾಯಿ ಹಾಡಿದ್ಳು. ಪ್ಲೇಟಿನ ಮ್ಯಾಲೆ ಆಕಿ ಹೆಸರ ಸೈತ ಇರಲಿಲ್ಲೋ, ಪಾತ್ರದ ಹೆಸರು ಕಾಮಿನಿ ಅಂತ ಇತ್ತು. ಮಂದಿ ಕೇಳಿದ್ರು, ಯಾರಿಕಿ, ಯಾರಿಕಿ ಅಂತ. ಅಷ್ಟ. ಆ ಒಂದ ಹಾಡಿಗೆ ನಮ್ಮ ಅಮೀರಬಾಯಿ ಹಳೇ ಹಾಡ ಆಗಿಬಿಟ್ಳು. ನಾನು ಆವಾಗ ಸಣ್ಣ ಹುಡುಗ. ಹೋಟೆಲಿನ್ಯಾಗ ಆಕಿ ಪ್ಲೇಟ್ ಹಾಕಂದ್ರ, ಹಳೇದು ಬ್ಯಾಡ ಅಂತಿದ್ರು. ಖರೇ ಹೇಳ್ರಿ ಈಗ. ನಲವತ್ತರ ದಶಕ ಲತಾಬಾಯೀದೋ, ಅಮೀರಬಾಯೀದೋ? ಮಹಲ್ 1949ರಾಗ ಬಂದೈತಿ, ಲೆಕ್ಕಕ್ಕ ಅದೂ ನಲವತ್ತರಾಗ ಬರತೈತಿ.”

ಮಾಸ್ತರು ಬೆರಳು ಆಡಿಸುವುದನ್ನು ನಿಲ್ಲಿಸಿದರು. ಲತಾ ಐವತ್ತರವರು, ಅರವತ್ತರವರು. ನಲವತ್ತು ಅವರದಲ್ಲ. ಅದು ಅವರಿಗಿಂತ ಮೊದಲಿದ್ದವರದು, ಅವರಿಂದಾಗಿ ಹಳಬರಾದವರದು.

ಅಲ್ಲಿ ನನಗೆ ಅಳತೆಗೋಲು ಸಿಕ್ಕಿತು. 1987ರಲ್ಲಿ ಬಂದ ಪ್ರೇಮಲೋಕವೂ ಒಂದು ಮಹಲ್ ಇದ್ದ ಹಾಗೆ. ದಶಕದ ಬಾಲದಲ್ಲಿ ಬಂದು ಹಿಂದಿನದನ್ನೆಲ್ಲ ಹಳೇ ಹಾಡು ಮಾಡಿ, ಮುಂದಿನ ದಶಕದ ಬಾಗಿಲು ಒದ್ದು ತೆರೆದದ್ದು. ಹಂಸಲೇಖರಿಗೆ ತೊಂಬತ್ತರ ದಶಕ ಬರೆದುಕೊಡಿ, ನಾನು ಸಹಿ ಹಾಕುತ್ತೇನೆ. ನಮ್ಮ ಪಕ್ಕದ ಗದಗಿನ ಪಂಚಾಕ್ಷರಿ ಗವಾಯಿಗಳ ಚಿತ್ರಕ್ಕೆ 1995ರ ಸಾಲಿನ ರಾಷ್ಟ್ರಪ್ರಶಸ್ತಿ ಅವರಿಗೂ ಬಂತು, ಅದರಲ್ಲಿ ಹಾಡಿದ ಎಸ್‌ಪಿಬಿಗೂ ಬಂತು. ಆ ದಶಕದಲ್ಲಿ ಅವರ ಎದುರು ನಿಂತವರು ಯಾರು? ಆದರೆ ಎಂಬತ್ತರ ದಶಕ ಯಾರದು ಅಂದರೆ, 1987ರಲ್ಲಿ ಯಾರು ಹಳಬರಾದರೋ ಅವರದು. ಹಳೇದಾಗಬೇಕಾದರೂ ಮೊದಲು ಎಲ್ಲರ ಬಾಯಲ್ಲಿ ಇರಬೇಕು. ಯಾರ ಬಾಯಲ್ಲೂ ಇಲ್ಲದ್ದು ಹಳೇದಾಗುವುದಿಲ್ಲ, ಸುಮ್ಮನೆ ಮರೆತುಹೋಗುತ್ತದೆ.

ಮುಧೋಳದ ದೋಸ್ತ ಸುಮ್ಮನಿರಲಿಲ್ಲ. “ಅಣ್ಣಾವ್ರು ಹಳೇದು ಆಗಲೇ ಇಲ್ಲಲ್ಲೋ. 1992ರಾಗ ಜೀವನ ಚೈತ್ರಕ್ಕ ಹಾಡಿ ರಾಷ್ಟ್ರಪ್ರಶಸ್ತಿ ತಗೊಂಡ್ರು” ಅಂದ. ನಿಜ. ಅದಕ್ಕೇ ಅವರು ಈ ಸ್ಪರ್ಧೆಯಲ್ಲೇ ಇಲ್ಲ ಅಂದೆ ನಾನು. ಹಾಸಿನ ಎಳೆ ಅವರು. ದೋಸ್ತನಿಗೆ ಇದು ಹೊಗಳಿಕೆಯೋ ಮೋಸವೋ ಅಂತ ಅರ್ಥವಾಗದೆ ಕೆಕ್ಕರಿಸಿ ನೋಡಿದ.

ಇನ್ನು ನಮ್ಮಣ್ಣನ ವೋಟಿನ ಮಾತು. ಅವನು ಹಂಸಲೇಖರನ್ನು ಕೇಳಿಲ್ಲ, ನಿಜ. ತೊಂಬತ್ತನ್ನು ಕೇಳಿಲ್ಲ, 2006ರ ಮುಂಗಾರು ಮಳೆಯನ್ನು ಕೇಳಿಲ್ಲ. ನನಗೂ ನಿಮಗೂ ಆ ಹಳೇ ಹಾಡುಗಳ ಮೇಲೆ ಮೂವತ್ತು ವರ್ಷದ ಹೊಸ ಹಾಡುಗಳ ಧೂಳು ಕೂತಿದೆ. ಅವನಿಗೆ ಕೂತಿಲ್ಲ.

2021ರ ಅಕ್ಟೋಬರ್ 29ರಂದು ಪುನೀತ್ ಹೋದರು. ಆ ವಾರ ಬನಹಟ್ಟಿಯ ಸರ್ಕಲ್ಲಿನಲ್ಲಿ ಫ್ಲೆಕ್ಸು, ಹೂವಿನ ಹಾರ, ಸೌಂಡ್ ಬಾಕ್ಸು. ನಾನೂ ಅಣ್ಣನೂ ಸಂಜೆ ಅಲ್ಲಿ ನಿಂತಿದ್ದೆವು. ಹುಡುಗರು ಸಾಲಾಗಿ ನಿಂತು ಅಳುತ್ತಿದ್ದರು. ಚಲಿಸುವ ಮೋಡಗಳು ಚಿತ್ರದಲ್ಲಿ ಪುನೀತ್ ಸಣ್ಣ ಹುಡುಗನಾಗಿದ್ದಾಗ ಹಾಡಿದ ಹಾಡು ಹಾಕಿದ್ದರು. 1982ರದು. ರಾಜನ್-ನಾಗೇಂದ್ರರದು. ನಾಗೇಂದ್ರ 2000ದಲ್ಲೇ ತೀರಿಹೋಗಿದ್ದರು. ಹಿಂದಿನ ವರ್ಷ, 2020ರ ಸೆಪ್ಟೆಂಬರಿನಲ್ಲಿ ಎಸ್‌ಪಿಬಿ, ಅಕ್ಟೋಬರಿನಲ್ಲಿ ರಾಜನ್ ಹೋಗಿದ್ದರು. ಈಗ ಆ ಹಾಡು ಹಾಡಿದ ಹುಡುಗನೂ ಇಲ್ಲ.

ಅಣ್ಣ ನನ್ನ ಕೈ ಜಗ್ಗಿ, ಯಾವ ಹಾಡು ಅಂತ ಸನ್ನೆ ಮಾಡಿದ. ಅಂಗೈ ಮೇಲೆ ಚಿತ್ರದ ಹೆಸರಷ್ಟೇ ಬರೆದೆ. ಅವನು ಸೌಂಡ್ ಬಾಕ್ಸಿನ ಕಡೆಗೆ ಹೋಗಿ ಮರದ ಮೇಲೆ ಕೈ ಇಟ್ಟ. ಮಗ್ಗ ಕೆಟ್ಟಿದ್ದನ್ನು ಅವನು ಹೀಗೇ ಕೈ ಇಟ್ಟು ಕಂಡುಹಿಡಿಯುತ್ತಿದ್ದ. ಒಂದು ಕ್ಷಣ ನಿಂತು ಗುನುಗತೊಡಗಿದ. ಶ್ರುತಿ ಬೇರೆ ಇತ್ತು, ದನಿ ಒಡೆದಿತ್ತು, ಇಪ್ಪತ್ತೈದು ವರ್ಷದಿಂದ ತನ್ನ ದನಿ ತಾನೇ ಕೇಳದವನ ದನಿ. ಆದರೆ ಟ್ಯೂನು ಒಂದು ಎಳೆಯೂ ತಪ್ಪಲಿಲ್ಲ. ತಾಳ ಬಿಡಲಿಲ್ಲ. ಚರಣ ಮುಗಿದು ಪಲ್ಲವಿಗೆ ತಿರುಗುವ ಜಾಗದಲ್ಲಿ ಬಾಕ್ಸಿನೊಳಗಿನ ಹುಡುಗನೂ ಹೊರಗಿನ ಮುದುಕನೂ ಕೂಡಿಯೇ ತಿರುಗಿದರು. ಅಳುತ್ತಿದ್ದ ಹುಡುಗರಲ್ಲಿ ಇಬ್ಬರು ತಿರುಗಿ ನೋಡಿದರು. ಅವನಿಗೆ ಕಿವಿ ಕೇಳುವುದಿಲ್ಲ ಅನ್ನುವುದು ಅವರಿಗೆ ಗೊತ್ತಿರಲಿಲ್ಲ.

ಇದನ್ನು ಚಾ ಅಂಗಡಿಯಲ್ಲಿ ಹೇಳಿದ ಮೇಲೆ ದೋಸ್ತ ಬಹಳ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ, “ಆತ ಬಿಡಪಾ, ನಿಮ್ಮಣ್ಣನ ವೋಟು ಹಿಡಿ” ಅಂದ. ಅಂದವನೇ ಮತ್ತೆ, “ಆದ್ರ ಚಲಿಸುವ ಮೋಡಗಳು ಯಾರ ಪಿಕ್ಚರು? ಅಣ್ಣಾವ್ರ ಪಿಕ್ಚರು! ಅಂದ್ರ ವೋಟು ಯಾರಿಗೆ ಬಂತು?” ಅಂತ ಶುರು ಮಾಡಿದ. ಮಾಸ್ತರು ನಾಲ್ಕನೇ ಚಾ ಹೇಳಿದರು. ಕಾಕಾನ ಬೀಳಗಿ ಬಸ್ಸು ಬಂದಿತ್ತು. ಅವರನ್ನು ಹತ್ತಿಸಲು ಕಾಲೇಜು ಹುಡುಗರೇ ಎದ್ದು ಹೋದರು. ಕಿಟಕಿಯ ಹತ್ತಿರ ನಿಂತು ಅವರಲ್ಲೊಬ್ಬ ಮೊಬೈಲ್ ತೆಗೆದು ಕೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು: “ಕಾಕಾ, ಆ ಪಿಕ್ಚರ್ ಹೆಸರು ಏನಂದ್ರಿ? ಕಿಸ್ಮತ್?”